ಬೀದಿಯಲ್ಲಿ ಮಲಗುವವರಿಗೆ ನೆರವಾಗುವ ಬಗೆ

ಬೆಂಗಳೂರಿನ ಮೆಜೆಸ್ಟಿಕ್ ಅಥವಾ ಕೆ.ಆರ್. ಮಾರುಕಟ್ಟೆಯ ಸುತ್ತ ರಾತ್ರಿ ಬಯಲಿನಲ್ಲೇ ಉಳಿದವರಿಗೆ ನೆರವಾಗಲು ಬಯಸುವವರು, ಮೊದಲು ಹಗಲಿನಲ್ಲಿ ಹತ್ತಿರದ ರಾತ್ರಿ ಆಶ್ರಯ ಕೇಂದ್ರಕ್ಕೆ ಹೋಗಿ, ಅದು ಪುರುಷರಿಗೋ ಮಹಿಳೆಯರಿಗೋ ಕುಟುಂಬಗಳಿಗೋ, ಗಂಟುಮೂಟೆ ಇಡಲು ಜಾಗವಿದೆಯೋ ಎಂಬುದನ್ನು ಕಣ್ಣಾರೆ ನೋಡಿಕೊಂಡು ಬರಬೇಕು. ದೊಡ್ಡ ನಗರಗಳಲ್ಲಿ ಪ್ರತಿ 1 ಲಕ್ಷ ಜನರಿಗೆ ಒಂದು ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚಿಸಿದೆ. ಆದ್ದರಿಂದ ಇಲ್ಲದ ಕಡೆ ಪಾಲಿಕೆಯನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಆಶ್ರಯಕ್ಕೆ ಬರಲು ಒಪ್ಪದವರನ್ನು ಹಟಮಾರಿಗಳೆಂದು ಭಾವಿಸಬಾರದು. ಮುಂಜಾನೆ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಕೂಲಿಯವರಿಗೆ ದೂರ ಹೋದರೆ ಆ ದಿನದ ದುಡಿಮೆಯೇ ತಪ್ಪುತ್ತದೆ. ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆ ಕಡೆ ಮಲಗಬೇಕಾದರೆ ಯಾವ ಕುಟುಂಬವೂ ಒಪ್ಪುವುದಿಲ್ಲ. ಎದುರು ಕುಳಿತು, ಬಹುವಚನದಲ್ಲಿ ಮಾತನಾಡಿಸಿ, ಬೇಕಾದದ್ದೇನೆಂದು ಅವರನ್ನೇ ಕೇಳಿರಿ. ಮಲಗಿದವರನ್ನು ಎಬ್ಬಿಸಬೇಡಿ, ಫೋಟೊ ತೆಗೆಯಲೇಬೇಡಿ.

ಒಂಟಿ ಮಕ್ಕಳಿದ್ದರೆ 1098, ವೃದ್ಧರಿದ್ದರೆ 14567, ತುರ್ತು ಚಿಕಿತ್ಸೆ ಬೇಕಿದ್ದರೆ 108ಕ್ಕೆ ಕರೆ ಮಾಡಿ, ನೆರವು ಬರುವವರೆಗೆ ಜೊತೆಗಿರಿ. ಮಾನಸಿಕ ಅಸ್ವಸ್ಥತೆಯಿಂದ ಅಲೆಯುತ್ತಿರುವವರಿಗೆ ರಕ್ಷಣೆ ನೀಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಪೊಲೀಸ್ ಠಾಣೆಯ ಕರ್ತವ್ಯ. ಆ ಮಾತನ್ನು ಠಾಣೆಯಲ್ಲಿ ವಿನಯದಿಂದ, ಆದರೆ ದೃಢವಾಗಿ ನೆನಪಿಸಬೇಕು.

ಊಟ ಹಂಚುವವರು ಅನೇಕರಿದ್ದಾರೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆಗಾಗಿ ಕಚೇರಿಗೆ ಜೊತೆಯಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವವರು ವಿರಳ. ವಾರಕ್ಕೆ ಅರ್ಧ ದಿನ ಬಿಡುವಿದ್ದವರು ಈ ಕೆಲಸವನ್ನೇ ಆರಿಸಿಕೊಳ್ಳಲಿ.