ಅರ್ಜಿಯಲ್ಲಿ ಅಜ್ಜಿಯ ಹೆಸರು

ನಾನು ಕುಂದಾಪುರದವಳು, ಮದುವೆಯಾಗಿ ಇಸ್ರೇಲಿನಲ್ಲಿ ನೆಲೆಸಿದ್ದೇನೆ. ಯುವಲ್ ರೋತ್ ಎಂಬ ಇಸ್ರೇಲಿ 2010ರಲ್ಲಿ ಕಟ್ಟಿದ ‘ರೋಡ್ ಟು ರಿಕವರಿ’ ಎಂಬ ಸ್ವಯಂಸೇವಾ ಸಂಸ್ಥೆಗಾಗಿ ಕಾರು ಓಡಿಸುತ್ತೇನೆ. ಪ್ಯಾಲೆಸ್ತೀನಿ ಮಕ್ಕಳನ್ನು ಚೆಕ್‌ಪಾಯಿಂಟಿನಿಂದ ಆಸ್ಪತ್ರೆಗೆ ಮುಟ್ಟಿಸುವ ಕೆಲಸ.

2022ರಲ್ಲಿ ವೆಸ್ಟ್ ಬ್ಯಾಂಕಿನ ಹೆಬ್ರೋನ್ ಕಡೆಯ ಆರು ವರ್ಷದ ಹುಡುಗ ನನ್ನ ಪಾಲಿಗೆ ಬಂದ. ರಕ್ತದ ಕ್ಯಾನ್ಸರ್. ತರ್ಕುಮಿಯಾ ಚೆಕ್‌ಪಾಯಿಂಟಿನಿಂದ ತೆಲ್ ಅವೀವ್ ಪಕ್ಕದ ಆಸ್ಪತ್ರೆಗೆ ಹೆಚ್ಚುಕಡಿಮೆ 75 ಕಿ.ಮೀ. ದಾರಿ ಯಾವತ್ತೂ ಕೈಕೊಡಲಿಲ್ಲ, ಕೈಕೊಟ್ಟಿದ್ದು ಕಾಗದ. ಮೊದಲ ಎರಡು ತಿಂಗಳಲ್ಲೇ ಮೂರ್ನಾಲ್ಕು ಕೀಮೋ ತಪ್ಪಿದವು. ಹುಡುಗನಿಗೆ ಇಸ್ರೇಲಿನೊಳಗೆ ಬರುವ ಪರ್ಮಿಟ್ ಬರುತ್ತಿತ್ತು, ಅಪ್ಪನಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ ಕಾದು ಖಾಲಿ ಕಾರಿನಲ್ಲಿ ವಾಪಸ್ಸು ಬಂದಿದ್ದೇನೆ. ನನಗೆ ಬಿಡಿ, 80 ಶೆಕೆಲ್ ಪೆಟ್ರೋಲು ಹೋಯಿತು. ನಾನು ಸಿಗದ ದಿನ ಅವರು ಟ್ಯಾಕ್ಸಿ ಮಾಡಿದರೆ ಹೋಗಿಬರಲು 800 ಹತ್ತಿರ. ಕಲ್ಲು ಕೊಯ್ಯುವ ಆ ಅಪ್ಪನಿಗೆ ಅದು ವಾರದ ಕೂಲಿ.

ವಯಸ್ಸಾದವರನ್ನು ಅಷ್ಟಾಗಿ ತಡೆಯುತ್ತಿರಲಿಲ್ಲ. ಆಗ ಅರ್ಜಿಯಲ್ಲಿ ಜೊತೆಗೆ ಬರುವವರ ಜಾಗದಲ್ಲಿ ಅಪ್ಪನ ಬದಲು ಅರವತ್ತು ದಾಟಿದ ಅಜ್ಜಿಯ ಹೆಸರು ಬರೆಸಿದೆ. ಆಸ್ಪತ್ರೆಯಿಂದ ದಿನಕ್ಕೊಂದು ಪತ್ರ ತರುವುದನ್ನು ಬಿಟ್ಟು, ತಿಂಗಳ ಅಷ್ಟೂ ತಾರೀಖನ್ನು ಒಂದೇ ಹೀಬ್ರೂ ಪತ್ರದಲ್ಲಿ ಹಾಕಿಸಿದೆ. ‘ಅಷ್ಟು ವಯಸ್ಸಾದವರು ಆ ಸಾಲಿನಲ್ಲಿ ನಿಲ್ಲೋದುಂಟಾ, ಸುಮ್ನೆ ಕಷ್ಟ’ ಎಂದರು ಜೊತೆಯವರು. ಅಜ್ಜಿ ನಿಂತರು. ಮುಂದಿನ ಎಂಟು ತಿಂಗಳು ಒಂದೇ ಒಂದು ಕೀಮೋ ತಪ್ಪಲಿಲ್ಲ. ನಮ್ಮ ಗುಂಪಿನಲ್ಲಿ ಇದನ್ನು ಮೊದಲು ಮಾಡಿದ್ದು ನಾನೇ. ಅರ್ಜಿಯನ್ನು ಯಾವ ವಾರ ಕೊಡುತ್ತಿದ್ದೆವು, ಪತ್ರದ ಮೊದಲ ಸಾಲು ಏನಿತ್ತು ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆ ಬಾಗಿಲು ಮುಚ್ಚಬಾರದು, ಅಲ್ವಾ?

ವಾಪಸ್ಸು ಬರುವಾಗ ಅವನಿಗೆ ವಾಂತಿ. ಬಿಸ್ಕೆಟ್, ಜ್ಯೂಸ್ ಯಾವುದೂ ನಿಲ್ಲುತ್ತಿರಲಿಲ್ಲ. ಡಾಕ್ಟರನ್ನು ಕೇಳಿಕೊಂಡು, ಗಂಜಿ ತಿಳಿಗೆ ಚೂರು ಉಪ್ಪು ಹಾಕಿ ಫ್ಲಾಸ್ಕಿನಲ್ಲಿ ಒಯ್ದೆ. ಬಿಸಿಯಿದ್ದಾಗ ಮುಖ ತಿರುಗಿಸಿದ. ತಣ್ಣಗಾದ ಮೇಲೆ ಮುಚ್ಚಳದಲ್ಲಿ ಕೊಟ್ಟರೆ ಎರಡೆರಡೇ ಗುಟುಕು ಕುಡಿದ, ಹೊಟ್ಟೆಯಲ್ಲಿ ಉಳಿಯಿತು. ಅರಬ್ಬಿಯಲ್ಲಿ ನೀರಿಗೆ ‘ಮೈ’ ಅನ್ನುತ್ತಾರೆ. ಗಂಜಿಗೂ ಅವನು ಅದೇ ಹೆಸರಿಟ್ಟ.

2023ರ ಅಕ್ಟೋಬರ್ 7ರಂದು ನಮ್ಮ ಹಾಗೆಯೇ ರೋಗಿಗಳಿಗೆ ಕಾರು ಓಡಿಸುತ್ತಿದ್ದ ವಿವಿಯನ್ ಸಿಲ್ವರ್ ಗಾಜಾ ಗಡಿ ಹತ್ತಿರದ ಬೇರಿ ಎಂಬ ಕಿಬ್ಬುತ್ಸಿನ (ಸಾಮೂಹಿಕ ಹಳ್ಳಿಯ) ತಮ್ಮ ಮನೆಯಲ್ಲೇ ಹಮಾಸ್ ದಾಳಿಯಲ್ಲಿ ಹತರಾದರು. ಗಾಜಾದ ಮಕ್ಕಳನ್ನು ಕರೆತರುವುದು ನಿಂತೇಹೋಯಿತು. ನನ್ನ ಹುಡುಗನಿಗೂ ತಪಾಸಣೆಯ ಎರಡು ತಾರೀಖು ತಪ್ಪಿದವು. ಮತ್ತೆ ದಾರಿ ತೆರೆದ ದಿನ ಅಜ್ಜಿ ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೊತ್ತಿಕೊಂಡು ಬಂದರು. ಹುಡುಗನ ತಲೆಯಲ್ಲಿ ಒಂದು ಬೆರಳುದ್ದ ಕೂದಲು ಬಂದಿತ್ತು.