‘ದರ’ ಅನ್ನೋ ತಾಲ್ಲೂಕು

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಪರ್ಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಗುಮಾಸ್ತರು ಟೈಪ್ ಮಾಡಿದ ಫೈಲ್ ಓದಿ, ಯಾವ ತಾಲ್ಲೂಕಿನಿಂದ ಎಷ್ಟು ಕ್ವಿಂಟಲ್ ಮೆಕ್ಕೆಜೋಳ ಬಂತು, ಎಷ್ಟು ದುಡ್ಡಾಯಿತು ಅಂತ ಹೇಳಬೇಕು, ಅಷ್ಟೇ. ಸಾಲಿನ ಮೊದಲ ಪದ ಜಗಳೂರು ಅಂತಿದ್ದರೆ ಜಗಳೂರು ಅನ್ನೋ ವೇರಿಯೇಬಲ್‌ಗೇ (ಅಂಕಿ ಇಟ್ಟುಕೊಳ್ಳೋ, ಹೆಸರಿರೋ ಡಬ್ಬಿಗೆ) ತೂಕ ಸೇರಲಿ ಅಂತ ಎರಡು ಡಾಲರ್ ಚಿಹ್ನೆ ಹಾಕಿದೆ. ಆಗ ಸಾಲಿನಲ್ಲಿರೋ ಪದವನ್ನೇ ಪರ್ಲ್ ವೇರಿಯೇಬಲ್ ಹೆಸರು ಅಂತ ತಗೊಳ್ಳುತ್ತದೆ. ಪರ್ಲ್ ಕಮಕ್ ಕಿಮಕ್ ಅನ್ನಲಿಲ್ಲ. ನನಗೋ ಭಾರೀ ಜಾಣತನ ಮಾಡಿದ ಖುಷಿ.

ದೀಪಾವಳಿ ಕಳೆದು ಆವಕ ಜಾಸ್ತಿಯಾದಾಗ ಒಂದು ದಿನ ದುಡ್ಡಿನ ಲೆಕ್ಕವೆಲ್ಲ ಎರಡು ಪಟ್ಟು! ಅರ್ಧ ದಿನ ತಡಕಾಡಿದ ಮೇಲೆ ಸಿಕ್ಕಿತು. ಗುಮಾಸ್ತರು ನೆನಪಿಗಿರಲಿ ಅಂತ ಫೈಲಿನ ಮೊದಲ ಸಾಲಿನಲ್ಲಿ ‘ದರ 2100’ ಅಂತ ಬರೆದಿದ್ದರು. ನನ್ನ ಸ್ಕ್ರಿಪ್ಟಿನಲ್ಲೂ ದರ ಅನ್ನೋ ವೇರಿಯೇಬಲ್ ಇತ್ತು, ಅದರಲ್ಲೂ 2100. ಪಾಪ, ಪರ್ಲ್ ಹೇಳಿದ ಹಾಗೆ ಕೂಡಿಸಿ 4200 ಮಾಡಿತ್ತು.

ಎಲ್ಲ ವೇರಿಯೇಬಲ್‌ಗೂ ‘ಮೈ’ (my, ಅಂದರೆ ಬರೆದ ಭಾಗಕ್ಕಷ್ಟೇ ಸೀಮಿತ) ಹಾಕಿ ಬಂದೋಬಸ್ತ್ ಮಾಡೋಣ ಅಂದುಕೊಂಡೆ. ಆಗ ಎಲ್ಲಾ ತಾಲ್ಲೂಕೂ ಸೊನ್ನೆ. ಹೆಸರು ಹಿಡಿದು ಹುಡುಕಿದರೆ ಗ್ಲೋಬಲ್ (ಇಡೀ ಪ್ರೋಗ್ರಾಮಿಗೆ ಕಾಣುವ) ವೇರಿಯೇಬಲ್‌ಗಳು ಮಾತ್ರ ಸಿಗುತ್ತವೆ, ‘ಮೈ’ ಹಾಕಿದವು ಕಾಣೋದೇ ಇಲ್ಲ. ತೂಕವೆಲ್ಲ ಅದೇ ಹೆಸರಿನ ಬೇರೆ ಗ್ಲೋಬಲ್‌ಗಳಲ್ಲಿ ಹೋಗಿ ಕೂತಿತ್ತು. ಕೊನೆಗೆ ಪರ್ಲ್ ಕಟ್ಟುನಿಟ್ಟಾಗಿರಲಿ ಅಂತ ‘ಯೂಸ್ ಸ್ಟ್ರಿಕ್ಟ್’ (use strict) ಹಾಕಿದೆ. ಮೊದಲ ಸಾಲಿಗೇ ಸ್ಕ್ರಿಪ್ಟ್ ನಿಂತಿತು, ಬರೀ ಹೆಸರನ್ನು ರೆಫರೆನ್ಸ್ (ಡಬ್ಬಿಯನ್ನೇ ನೇರವಾಗಿ ತೋರಿಸೋ ಗುರುತು) ಥರ ಬಳಸೋ ಹಾಗಿಲ್ಲ ಅಂತ. ಇದನ್ನೇ ಮೊದಲ ದಿನ ಹಾಕಬಾರದಿತ್ತೇ?

ಈಗ ತಾಲ್ಲೂಕುಗಳೆಲ್ಲ ಒಂದೇ ಹ್ಯಾಶ್‌ನ ಕೀಗಳು, ಅಂದರೆ ಹೆಸರಿಗೊಂದು ಅಂಕಿ ಇರೋ ಒಂದೇ ಪಟ್ಟಿಯಲ್ಲಿನ ಹೆಸರುಗಳು. ಒಂದು ಸಲ ‘ಹೊನಾಳಿ’ ಅಂತ ತಪ್ಪು ಟೈಪ್ ಆಗಿತ್ತು. ಹಳೇ ಸ್ಕ್ರಿಪ್ಟ್ ಆಗಿದ್ದರೆ ಆ ತೂಕ ಸದ್ದಿಲ್ಲದೆ ಮಾಯ. ಈಗ ಇರೋ ಕೀಗಳನ್ನೆಲ್ಲ ಪ್ರಿಂಟ್ ಮಾಡುತ್ತೇನಲ್ಲ, ಹೊನ್ನಾಳಿ ಪಕ್ಕದಲ್ಲೇ ಹೊನಾಳಿ ಕಾಣಿಸಿತು.

ಲೋಡ್‌ವಾರು ತೂಕವೂ ಬೇಕು ಅಂತ ಸಾಹುಕಾರರು ಅಂದಾಗ ರೆಫರೆನ್ಸ್ ಬೇಕೇ ಆಯಿತು. ಪ್ರತಿ ಕೀಗೂ ಒಂದು ಅರೇಯ (ಸಾಲಾಗಿ ಜೋಡಿಸಿದ ಅಂಕಿಗಳ) ರೆಫರೆನ್ಸ್. ಯಾರ್ಡಿನಲ್ಲಿ ‘ಬಸಣ್ಣಾ’ ಅಂತ ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ಬೇಕಾದವರ ಕೈ ಹಿಡಿದು ಕರೆತಂದರೆ ಆ ತಾಪತ್ರಯ ಇಲ್ಲ, ಅಲ್ವಾ? ರೆಫರೆನ್ಸ್ ಹಾಗೆಯೇ. ‘ಮೈ’ ಹಾಕಿದ ಅರೇ ಆದರೂ ಸರಿ, ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಫಂಕ್ಷನ್‌ಗೆ ಕೊಟ್ಟರೆ ಅದೇ ಅರೇ ಕೈಗೆ ಸಿಗುತ್ತದೆ.

ಗುಮಾಸ್ತರು ಈಗಲೂ ಮೊದಲ ಸಾಲಿನಲ್ಲಿ ದರ ಬರೆಯುತ್ತಾರೆ. ಹಾಗಾಗಿ ದಿನಾ ಪಟ್ಟಿಯಲ್ಲಿ ‘ದರ’ ಅನ್ನೋ ತಾಲ್ಲೂಕಿನಿಂದ 2100 ಕ್ವಿಂಟಲ್ ಬರುತ್ತದೆ. ಸಾಹುಕಾರರು ಪೆನ್ನಿನಲ್ಲಿ ಅದನ್ನು ಹೊಡೆದುಹಾಕುತ್ತಾರೆ. ನಾನಿನ್ನೂ ಸರಿ ಮಾಡಿಲ್ಲ.