ವಾರ್ಡಿನಿಂದ ಎಂಎಚ್‌ಎ ಕ್ಲಾಸಿಗೆ

ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಎಂಎಸ್ಸಿ ಮಾಡು ಅಂತ ಮನೆಯಲ್ಲಿ ಒತ್ತಾಯ. ನನಗೆ ಬೇಕಿದ್ದದ್ದು ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸು.

ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್), ಜೈಪುರದಲ್ಲಿ ಆರೋಗ್ಯ ಆಡಳಿತ ಕಲಿಸುವ ಐಐಎಚ್‌ಎಂಆರ್, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿವಿ ಕಾಲೇಜುಗಳು ಎಲ್ಲವನ್ನೂ ನೋಡಿದೆ. ಕೊನೆಗೆ ಖರ್ಚು ನೋಡಿ ಇಲ್ಲೇ ಸೇರಿದೆ. ಸೇರುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: ಪೋಸ್ಟಿಂಗ್‌ಗೆ (ಓದುತ್ತಲೇ ಆಸ್ಪತ್ರೆಯಲ್ಲಿ ಮಾಡುವ ಕೆಲಸಕ್ಕೆ) ಯಾವ ಆಸ್ಪತ್ರೆ, ಅಲ್ಲಿ ಏನು ಕೆಲಸ ಕೊಡ್ತೀರಿ? 'ವಿಸಿಟ್ ಇರುತ್ತೆ' ಅಂದ ಕಾಲೇಜುಗಳನ್ನು ಅಲ್ಲಿಗೇ ಬಿಟ್ಟೆ. ಸುಮ್ನೆ ಸುತ್ತಿ ನೋಡೋಕೆ ಎರಡು ವರ್ಷ ಯಾಕೆ, ಅಲ್ವಾ?

ಕಷ್ಟವಾಗಿದ್ದು ಅಕೌಂಟ್ಸ್. ದಂತವೈದ್ಯರು, ಫಿಸಿಯೋಗಳು, ನಾವು ನರ್ಸ್‌ಗಳು ಎಲ್ಲರೂ ಬಿಕಾಂ ಓದಿದ ಒಬ್ಬ ಹುಡುಗನ ಸುತ್ತ ಕೂರುತ್ತಿದ್ದೆವು. ಅವನು ಆಪರೇಷನ್ ಥಿಯೇಟರನ್ನೇ ಉದಾಹರಣೆ ತಗೊಂಡ. ಸರ್ಜರಿ ಇರಲಿ ಬಿಡಲಿ, ಎಸಿ ಮತ್ತು ಸಂಬಳದ ಖರ್ಚು ನಡೆಯುತ್ತಲೇ ಇರುತ್ತದೆ. ಗ್ಲೌಸು, ಹೊಲಿಗೆ ದಾರದ ಖರ್ಚು ಮಾತ್ರ ಕೇಸಿಗೆ ತಕ್ಕಂತೆ. ಬೆಳಿಗ್ಗೆ 8ರ ಕೇಸು 9ಕ್ಕೆ ಶುರುವಾದರೆ ಆ ಒಂದು ಗಂಟೆಯ ದುಡ್ಡು ಹೋಯಿತು ಅಷ್ಟೇ. 1976ರಲ್ಲಿ ಮದುರೈಯಲ್ಲಿ ಡಾ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರು ಮಾಡಿದ ಅರವಿಂದ್ ಕಣ್ಣಿನ ಆಸ್ಪತ್ರೆಯ ಪಾಠ ಆಗ ತಲೆಗೆ ಹೋಯಿತು. ಅಲ್ಲಿ ಒಂದು ಟೇಬಲ್‌ನಲ್ಲಿ ಸರ್ಜರಿ ನಡೆಯುವಾಗಲೇ ಪಕ್ಕದ ಟೇಬಲ್‌ನಲ್ಲಿ ಮುಂದಿನ ರೋಗಿ ರೆಡಿ. ಸರ್ಜನ್ ಕಾಯುವ ಹಾಗೇ ಇಲ್ಲ.

ಪ್ರಾಜೆಕ್ಟಿಗೆ ನಾನು ಡಿಸ್ಚಾರ್ಜ್ ತಡವನ್ನು ಆರಿಸಿಕೊಂಡೆ. ರೌಂಡ್ಸ್‌ನಲ್ಲಿ 'ಮನೆಗೆ ಹೋಗಬಹುದು' ಅಂತಾರೆ, ಸಂಜೆಯಾದರೂ ರೋಗಿ ಹಾಸಿಗೆಯಲ್ಲೇ ಇರುತ್ತಾರೆ. ಎಲ್ಲರೂ ಬೈಯುವುದು ಇನ್ಶೂರೆನ್ಸ್‌ನವರನ್ನು. ಒಂದೊಂದು ಫೈಲಿನ ಹಿಂದೆ ನಡೆದು, ಎಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಬರೆದುಕೊಂಡೆ. ಡಿಸ್ಚಾರ್ಜ್ ಸಮ್ಮರಿ (ಚಿಕಿತ್ಸೆಯ ಸಾರಾಂಶ) ಟೈಪ್ ಆಗಿದೆ, ಡಾಕ್ಟರು ಓಪಿಡಿಯಲ್ಲಿದ್ದಾರೆ, ಸಹಿ ಇಲ್ಲ. ಉಳಿದ ಇಂಜೆಕ್ಷನ್ನುಗಳು ಫಾರ್ಮಸಿಗೆ ವಾಪಸ್ ಹೋಗಿಲ್ಲ, ಹಾಗಾಗಿ ಬಿಲ್ ಮುಗಿದಿಲ್ಲ. ಬಿಲ್ ಇಲ್ಲದೆ ಟಿಪಿಎ ಡೆಸ್ಕಿನವರು, ಅಂದರೆ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕಾಗದ ನೋಡಿಕೊಳ್ಳುವವರು, ಕಳಿಸುವುದಾದರೂ ಏನನ್ನು? ಅರ್ಧ ದಿನ ನಮ್ಮ ಕಟ್ಟಡದೊಳಗೇ ಕಳೆದಿರುತ್ತಿತ್ತು.

2024ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮ ಬಂತು: ನಗದುರಹಿತ (ವಿಮಾ ಕಂಪನಿಯೇ ಆಸ್ಪತ್ರೆಗೆ ಬಿಲ್ ಕಟ್ಟುವ) ಕೇಸುಗಳಲ್ಲಿ ಡಿಸ್ಚಾರ್ಜ್ ಒಪ್ಪಿಗೆಯನ್ನು ಕಂಪನಿ 3 ಗಂಟೆಯೊಳಗೆ ಕೊಡಬೇಕು. ಒಳ್ಳೆಯದೇ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯ ಕೋರಿಕೆ ವಿಮಾ ಕಂಪನಿಗೆ ತಲುಪಿದ ಮೇಲೆ. ಅದಕ್ಕೂ ಮುಂಚಿನ ತಡ ಪೂರ್ತಿ ನಮ್ಮದೇ. ನಾನು ಕೊಟ್ಟ ಸಲಹೆ ತೀರಾ ಸಾದಾ: ನಾಳೆ ಹೋಗುವವರ ಸಮ್ಮರಿಯ ಕರಡು ಮತ್ತು ಔಷಧಿ ವಾಪಸಾತಿ ಹಿಂದಿನ ಸಂಜೆಯೇ ಆಗಬೇಕು.

ಈ ವಿವರವೆಲ್ಲ ಸಿಕ್ಕಿದ್ದು ಸಿಸ್ಟರ್‌ಗಳಿಂದ. ನೈಟ್ ಡ್ಯೂಟಿ ಮಾಡಿ ಬಂದವಳು ಅಂತ ಗೊತ್ತಾದ ಮೇಲೆ ಅವರು ಏನನ್ನೂ ಮುಚ್ಚಿಡಲಿಲ್ಲ. ಹಾಗಾಗಿ ಹೇಳ್ತೀನಿ, ಡಿಗ್ರಿ ಆದ ಕೂಡಲೇ ಎಂಎಚ್‌ಎ ಬೇಡ. ಸ್ವಲ್ಪ ಕಾಲ ವಾರ್ಡೋ ಲ್ಯಾಬೋ ಬಿಲ್ಲಿಂಗೋ ಮಾಡಿ ಬನ್ನಿ.

ಈಗ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಮಂಡಳಿ) ಕಡತಗಳು, ಸೋಂಕಿನ ಲೆಕ್ಕ, ಆಡಿಟ್ ಇದೇ ಕೆಲಸ. ಶುರುವಿನ ಸಂಬಳ ಸೀನಿಯರ್ ನರ್ಸ್‌ಗಿಂತ ಏನೂ ಜಾಸ್ತಿ ಇರಲಿಲ್ಲ. ಸಾಲ ಮಾಡಿ ಓದುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.